ಎಕರೆ, ಗುಂಟೆ ಮತ್ತು ಜಾವಾದ ಕರಾರು

ಖಾನಾಪುರ ಸೀಮೆಯ ಖರೀದಿ ಪತ್ರದಲ್ಲಿ ವಿಸ್ತೀರ್ಣ 1.25 ಎಂದಿದ್ದರೆ ರೈತರು ಅದನ್ನು ಒಂದು ಎಕರೆ ಇಪ್ಪತ್ತೈದು ಗುಂಟೆ ಎಂದೇ ಓದುತ್ತಾರೆ. ಪತ್ರ ಓದಲು ಕೊಟ್ಟ ಭಾಷಾ ಮಾದರಿ ಅದನ್ನು ದಶಾಂಶವೆಂದು ಹಿಡಿದರೆ ಒಂದೂಕಾಲು ಎಕರೆ. ಎಕರೆಗೆ 40 ಗುಂಟೆ, ಹಾಗಾಗಿ 15 ಗುಂಟೆ ಹೊಲ ಅಲ್ಲೇ ಮಾಯ. ಗಡಿ ದಾಟಿ ಮಹಾರಾಷ್ಟ್ರದ ಚಂದಗಡದಲ್ಲಿ ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರ ನೋಡಿದರೆ ಅಲ್ಲಿ ಹೆಕ್ಟೇರು, ಆರ್. ಒಂದು ಹೆಕ್ಟೇರಿಗೆ ನೂರು ಆರ್. ಅಲ್ಲಿ ದಶಾಂಶವೇ ಸರಿ!

ಇಂಥ ಎಡವಟ್ಟನ್ನು ಮೊದಲೇ ಕಟ್ಟಿಹಾಕುವ ಯೋಚನೆ ಹಳೆಯದು. 1969ರಲ್ಲಿ ಟೋನಿ ಹೋರ್ ಪ್ರೋಗ್ರಾಮಿಗೆ ಪೂರ್ವಷರತ್ತು, ಉತ್ತರಷರತ್ತು ಬರೆಯುವ ತರ್ಕ ಕೊಟ್ಟರು. 1980ರ ದಶಕದಲ್ಲಿ ಬರ್ಟ್ರಂಡ್ ಮೆಯರ್ ಅದನ್ನು ಕರಾರೆಂದು ಕರೆದು ಐಫೆಲ್ ಭಾಷೆಯೊಳಗೇ ಕೂರಿಸಿದರು. ಜಾವಾಕ್ಕೆ ಆ ಭಾಗ್ಯವಿಲ್ಲ, ಬಂದದ್ದೆಲ್ಲ ಕಂತಿನಲ್ಲಿ. 2004ರಲ್ಲಿ ಜೆನೆರಿಕ್ಸ್ ಮತ್ತು ಅನೊಟೇಶನ್, 2009ರಲ್ಲಿ ಬೀನ್ ವ್ಯಾಲಿಡೇಶನ್, 2021ರಲ್ಲಿ ರೆಕಾರ್ಡ್ ಮತ್ತು ಸೀಲ್ಡ್ ಕ್ಲಾಸ್.

ಭಾಷಾ ಮಾದರಿಗಳ ಕಡೆ ಆರಂಭದಲ್ಲಿದ್ದದ್ದು ಬರೀ ಗೋಗರೆತ: ದಯವಿಟ್ಟು ಜೇಸನ್‌ನಲ್ಲೇ ಉತ್ತರಿಸು. ಓಪನ್‌ಎಐ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ ತಂದಿತು. 2024ರ ಆಗಸ್ಟ್‌ನಲ್ಲಿ ಬಂದ ಸ್ಟ್ರಕ್ಚರ್ಡ್ ಔಟ್‌ಪುಟ್‌ನಲ್ಲಿ ಸ್ಕೀಮಾಕ್ಕೆ ಹೊಂದದ ಟೋಕನ್ ಆಯ್ಕೆಗೇ ಸಿಗದಂತಾಯಿತು. ಈ ನಡುವೆ ಸ್ಟ್ಯಾನ್‌ಫರ್ಡ್‌ನ ಡಿಎಸ್‌ಪೈ, ಪ್ರಾಂಪ್ಟ್ ಬರೆಯಬೇಡಿ, ಒಳಬರುವುದೇನು ಹೊರಹೋಗುವುದೇನು ಎಂದಷ್ಟೇ ಹೇಳಿ ಎಂದಿತು. ಆದರೆ ಅದು ಪೈಥಾನ್. ಜಾವಾದಲ್ಲಿ ಲ್ಯಾಂಗ್‌ಚೈನ್4ಜೆ, ಸ್ಪ್ರಿಂಗ್ ಎಐ ಎರಡೂ 2025ರ ಮೇ ತಿಂಗಳಲ್ಲಿ 1.0 ಆವೃತ್ತಿ ತಲುಪಿದವು. ಲ್ಯಾಂಗ್‌ಚೈನ್4ಜೆಯಲ್ಲಿ ಇಂಟರ್‌ಫೇಸಿನ ಮೆಥಡ್ ಬರೆದರೆ ಅದರ ಪ್ಯಾರಾಮೀಟರುಗಳೇ ಒಳಗಿನ ಕರಾರು, ರಿಟರ್ನ್ ಟೈಪೇ ಹೊರಗಿನದು. ಬೆಳಗಾವಿಯ ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಜಾವಾ ಕಲಿತವರು ಇದಕ್ಕಾಗಿ ಭಾಷೆ ಬದಲಿಸಬೇಕಿಲ್ಲ.

ಈಗ ಖಾನಾಪುರದ ಆ ಖರೀದಿ ಪತ್ರಕ್ಕೆ ಕರಾರು ಬರೆಯೋಣ. ಎಕರೆ, ಗುಂಟೆ ಎಂಬ ಎರಡು ಪೂರ್ಣಾಂಕಗಳ ರೆಕಾರ್ಡ್ ಮಾಡಿ, ಗುಂಟೆ 39 ದಾಟಿದರೆ ಕನ್‌ಸ್ಟ್ರಕ್ಟರ್ ಎಕ್ಸೆಪ್ಶನ್ ಎಸೆಯಲಿ. (ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಜಾವಾ ತಕರಾರು ಮಾಡದು.) ಸಾಕೇ? ಸಾಲದು. ಮಾದರಿ ದಶಾಂಶವೆಂದೇ ಲೆಕ್ಕ ಹಾಕಿ ಒಂದು ಎಕರೆ ಹತ್ತು ಗುಂಟೆ ಎಂದು ಕೊಟ್ಟರೆ ಅದೂ ಪರೀಕ್ಷೆಯಲ್ಲಿ ಪಾಸು. ಸ್ಕೀಮಾ ಆಕಾರವನ್ನು ಕಾಯುತ್ತದೆ, ಸತ್ಯವನ್ನಲ್ಲ. ಆದ್ದರಿಂದ ಮಾದರಿಯಿಂದ ಪತ್ರದಲ್ಲಿದ್ದ ಅಕ್ಷರಗಳನ್ನು ಇದ್ದ ಹಾಗೇ ಸ್ಟ್ರಿಂಗ್ ಆಗಿ, ಅಳತೆಯ ಪದ್ಧತಿಯನ್ನು ಎನಮ್ ಆಗಿ ಮಾತ್ರ ಪಡೆದು, ಬಿಡಿಸುವ ಲೆಕ್ಕವನ್ನು ಜಾವಾ ತಾನೇ ಮಾಡುವುದು ಲೇಸು.

ಇನ್ನೊಂದು ಕಡೆಯೂ ಕರಾರು ಸೋಲಬಹುದು. ಪ್ರತಿ ಫೀಲ್ಡನ್ನೂ ಕಡ್ಡಾಯ ಮಾಡಿದರೆ, ಹರಿದ ಪತ್ರದಲ್ಲಿ ಇಲ್ಲದ ಹಿಸ್ಸಾ ನಂಬರನ್ನೂ ಮಾದರಿ ಹುಟ್ಟಿಸಿ ತುಂಬೀತು. ಉತ್ತರವನ್ನು ಸೀಲ್ಡ್ ಇಂಟರ್‌ಫೇಸ್ ಮಾಡಿ ‘ಸಿಕ್ಕಿತು’, ‘ಓದಲಾಗಲಿಲ್ಲ’ ಎಂಬ ಎರಡೇ ದಾರಿ ಇಡಬೇಕು. 2023ರ ಜಾವಾ 21ರಿಂದೀಚೆಗೆ ಸ್ವಿಚ್‌ನಲ್ಲಿ ಎರಡನೆಯದನ್ನು ಮರೆತರೆ ಪ್ರೋಗ್ರಾಂ ಕಂಪೈಲೇ ಆಗದು. ‘ಓದಲಾಗಲಿಲ್ಲ’ ದಾರಿ ಹಿಡಿದ ಕಾಗದ ನೇರವಾಗಿ ತಲಾಠಿಯ ಮೇಜಿಗೆ.