ಕಾನ್ಪುರದಲ್ಲಿ ಕ್ರಮವಿಧಿ ಶಿಕ್ಷಣದ ಮೊದಲ ವರ್ಷಗಳು

ನಮ್ಮ ದೇಶದ ತಂತ್ರಾಂಶೋದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಂಪನಿಗಳ ಸ್ಥಾಪನೆಯಿಂದ ತೊಡಗುವರು. ಆ ಕಂಪನಿಗಳಿಗೆ ಬೇಕಾದ ಕ್ರಮವಿಧಿಕಾರರು ಎಲ್ಲಿ, ಯಾರಿಂದ, ಯಾವ ರೀತಿಯಲ್ಲಿ ತಯಾರಾದರೆಂಬ ಪ್ರಶ್ನೆ ಹಿಂದುಳಿದುಬಿಡುತ್ತದೆ. ಈ ಪ್ರಶ್ನೆಗೆ ಉತ್ತರದ ಒಂದಂಶ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ದೊರೆಯುತ್ತದೆ.

ಅದಕ್ಕೆ ಮೊದಲು ಗಣಕಯಂತ್ರವೇ ಇರಲಿಲ್ಲವೆಂದಲ್ಲ. 1950ರ ದಶಕದ ಮಧ್ಯದಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಒಂದು ಯಂತ್ರ ಬಂದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತಾನೇ ನಿರ್ಮಿಸಿದ ಟಿಫ್ರ್ಯಾಕ್ 1960ರಲ್ಲಿ ಕಾರ್ಯಾರಂಭ ಮಾಡಿತ್ತು. ಆದರೆ ಅವುಗಳ ವಿದ್ಯೆ ಬಹುಮಟ್ಟಿಗೆ ಯಂತ್ರದ ಸಮೀಪದಲ್ಲಿದ್ದ ಕೆಲವೇ ಸಂಶೋಧಕರ ಸ್ವತ್ತಾಗಿತ್ತು. ವಾಣಿಜ್ಯ ಕಚೇರಿಗಳಲ್ಲಾದರೋ, ಯಂತ್ರವನ್ನು ಬಾಡಿಗೆಗೆ ಕೊಟ್ಟವರೇ ಅದನ್ನು ನಡೆಸುವ ಪಾಠವನ್ನೂ ಹೇಳಿಕೊಡುತ್ತಿದ್ದರು.

1963ರ ಆಗಸ್ಟಿನಲ್ಲಿ, ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳ ಸಹಕಾರದ ಫಲವಾಗಿ, ಐ.ಬಿ.ಎಂ. 1620 ಎಂಬ ಯಂತ್ರ ಕಾನ್ಪುರಕ್ಕೆ ಬಂದಿತು. ಅದೇ ವರ್ಷ ಅಲ್ಲಿಗೆ ಅಧ್ಯಾಪಕರಾಗಿ ಬಂದವರು ವಿ. ರಾಜಾರಾಮನ್. ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದಲ್ಲಿ ವ್ಯಾಸಂಗ ಮಾಡಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು.

ಈ ಯಂತ್ರದ ಒಂದು ವಿಚಿತ್ರವನ್ನು ಇಲ್ಲಿ ಹೇಳದಿರಲಾಗದು. ಅದರ ಮೊದಲ ಮಾದರಿಯಲ್ಲಿ ಸಂಕಲನ ಮಾಡುವ ವಿದ್ಯುನ್ಮಂಡಲವೇ ಇರಲಿಲ್ಲ. ಹಿಂದಿನ ಕೂಲಿಮಠದ ಹುಡುಗನಂತೆ ಅದೂ ಮಗ್ಗಿಯನ್ನೇ ನಂಬಿತ್ತು: ಕೂಡುವ ಕೋಷ್ಟಕವನ್ನೂ ಗುಣಿಸುವ ಕೋಷ್ಟಕವನ್ನೂ ಸ್ಮೃತಿಕೋಶದಲ್ಲಿ ಇರಿಸಿಕೊಂಡು, ಬೇಕಾದಾಗ ಅದರಿಂದ ಉತ್ತರವನ್ನು ತೆಗೆಯುತ್ತಿತ್ತು. ಅಜಾಗರೂಕ ವಿದ್ಯಾರ್ಥಿಯ ಕ್ರಮವಿಧಿ ಆ ಸ್ಥಾನಗಳ ಮೇಲೆ ಬೇರೇನನ್ನಾದರೂ ಬರೆದರೆ ಯಂತ್ರಕ್ಕೆ ಮಗ್ಗಿಯೇ ಮರೆತುಹೋಗುತ್ತಿತ್ತು. ಫೋರ್ಟ್ರಾನ್ ಭಾಷೆಯಲ್ಲಿ ಬರೆದುದನ್ನು ರಂಧ್ರಪತ್ರಗಳ ಮೇಲೆ ಒತ್ತಿ, ಮೊದಲು ಭಾಷಾಂತರಕ ಕ್ರಮವಿಧಿಯ ಪತ್ರಗಳನ್ನೂ ಅನಂತರ ತನ್ನ ಪತ್ರಗಳನ್ನೂ ಯಂತ್ರಕ್ಕೆ ಉಣಿಸಿ, ಅದು ಒತ್ತಿಕೊಟ್ಟ ಹೊಸ ಕಟ್ಟನ್ನು ಮತ್ತೆ ಉಣಿಸಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಆ ಪತ್ರವನ್ನು ಹೊಸದಾಗಿ ಒತ್ತಿ ಆರಂಭಕ್ಕೆ ಮರಳಬೇಕು. ಈ ಶ್ರಮದಲ್ಲಿಯೇ ಶಿಕ್ಷಣ ಅಡಗಿತ್ತೆಂದು ನನ್ನ ಭಾವನೆ.

ಇಷ್ಟು ಬೆಲೆಯುಳ್ಳ ಯಂತ್ರವನ್ನು ಗಾಜಿನ ಗೋಡೆಯ ಹಿಂದಿರಿಸಿ, ಪತ್ರಗಳನ್ನು ಕಿಟಕಿಯಲ್ಲಿ ತೆಗೆದುಕೊಳ್ಳುವುದು ಆ ಕಾಲಕ್ಕೆ ಅಸಹಜವಲ್ಲ. ಕಾನ್ಪುರದಲ್ಲಿ ವಿದ್ಯಾರ್ಥಿಗಳು ತಾವೇ ಯಂತ್ರವನ್ನು ಮುಟ್ಟಿ ನಡೆಸಲು ಅವಕಾಶವಿತ್ತು. ಗಣನಾ ವಿದ್ಯೆಯನ್ನು ಎಲ್ಲ ಇಂಜಿನಿಯರಿಂಗ್ ಶಾಖೆಗಳ ವಿದ್ಯಾರ್ಥಿಗಳಿಗೂ ಬೋಧಿಸಲಾಯಿತು. ಹೊರಗಿನ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ಹತ್ತು ದಿನಗಳ ತರಗತಿಗಳು ನಡೆದವು. ಸಮಸ್ಯೆ ಯಾರದೋ ಅವರೇ ಅದರ ಕ್ರಮವಿಧಿಯನ್ನು ಬರೆಯಬೇಕೆಂಬ ಈ ನಿಲುವೇ ಅಲ್ಲಿಯ ಪ್ರಯೋಗದ ತಿರುಳು. ತರಗತಿಯ ಟಿಪ್ಪಣಿಗಳು ಬೆಳೆದು ರಾಜಾರಾಮನ್ನರ ಪಠ್ಯಪುಸ್ತಕವಾಗಿ, ಯಂತ್ರವನ್ನು ಕಂಡೇ ಇರದ ಕಾಲೇಜುಗಳನ್ನೂ ತಲುಪಿದವು. ಮೈಸೂರಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದು, 1969ರಲ್ಲಿ ಕಾನ್ಪುರದ ಸ್ನಾತಕೋತ್ತರ ವ್ಯಾಸಂಗವನ್ನು ಮುಗಿಸಿದ ಎನ್. ಆರ್. ನಾರಾಯಣ ಮೂರ್ತಿಯವರು 1981ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದರು.

ಆದರೂ ಈ ವ್ಯವಸ್ಥೆಗೆ ಒಂದು ಮಿತಿಯಿತ್ತು. ಅದು ಇಂಜಿನಿಯರನನ್ನೂ ವಿಜ್ಞಾನಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ಸಂಬಳದ ಪಟ್ಟಿ, ಸರಕಿನ ಲೆಕ್ಕ ಮೊದಲಾದ ಕಚೇರಿಯ ಕೆಲಸಗಳಿಗೆ ಬೇಕಾದವರು ಅಲ್ಲಿಂದ ಬರುವಂತಿರಲಿಲ್ಲ. 1978ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟುಹೋದಾಗ ಈ ಕೊರತೆ ಎದ್ದು ಕಂಡಿತು. ಇಂಜಿನಿಯರಲ್ಲದ ಪದವೀಧರನಿಗೂ ಈ ವೃತ್ತಿಯನ್ನು ತೆರೆಯಲು, ರಾಜಾರಾಮನ್ನರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ಮೂರು ವರ್ಷಗಳ ಎಂ.ಸಿ.ಎ. ವ್ಯಾಸಂಗ 1980ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿತು. ಅದೇ ಕಾಲದಲ್ಲಿ, 1982ರಲ್ಲಿ, ರಾಜಾರಾಮನ್ ಕಾನ್ಪುರವನ್ನು ಬಿಟ್ಟು ತಾವು ಓದಿದ್ದ ಬೆಂಗಳೂರಿನ ಸಂಸ್ಥೆಗೆ ಹಿಂದಿರುಗಿದರು.