‘ವಸಂತದಲ್ಲಿ ಬಿತ್ತಿ, ವಿಷಮುಕ್ತ ತರಕಾರಿ ತಿನ್ನಿ’ ಎನ್ನುವ ಫಾರ್ವರ್ಡ್: ನಾಗಸಂದ್ರದ ತಾರಸಿಗೆ ಎಷ್ಟು ಹೊಂದುತ್ತದೆ?

ಯುಗಾದಿ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈತೋಟದ ಸಂದೇಶಗಳು ಶುರುವಾಗುತ್ತವೆ. ‘ವಸಂತ ಬಂತು, ಈಗಲೇ ಕ್ಯಾರೆಟ್, ಬಟಾಣಿ, ಎಲೆಕೋಸು ಬಿತ್ತಿ.’ ‘ಎಪ್ಸಮ್ ಉಪ್ಪು ಹಾಕಿದರೆ ಟೊಮೆಟೊ ಗೊಂಚಲು ಗೊಂಚಲು.’ ‘ಮನೆಯಲ್ಲೇ ಬೆಳೆದರೆ ನೂರಕ್ಕೆ ನೂರು ವಿಷಮುಕ್ತ.’ ಕೆಳಗೆ ಕೈಮುಗಿದ ಚಿಹ್ನೆ, ‘ಹತ್ತು ಜನಕ್ಕೆ ಕಳಿಸಿ’ ಎಂಬ ಮನವಿ.

ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಸುಳ್ಳು ಎಂದು ನೋಡೋಣ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಉತ್ತರ ಬೆಂಗಳೂರಿನ ನಾಗಸಂದ್ರವನ್ನು. ಒಂದು ಕಡೆ ತುಮಕೂರು ರಸ್ತೆ, ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ, ಉಳಿದಂತೆ 30x40 ಸೈಟಿನ ಮನೆಗಳು ಮತ್ತು ಅವುಗಳ ತಾರಸಿ. ಇಲ್ಲಿಗೆ ಹೇಳುವ ಮಾತು ನಗರದ ಬಹಳಷ್ಟು ಬಡಾವಣೆಗಳಿಗೂ ಅನ್ವಯಿಸುತ್ತದೆ.

ಚಿಕ್ಕ ಉತ್ತರ: ತಾರಸಿಯಲ್ಲಿ ತರಕಾರಿ ಬೆಳೆಯುವುದು ಒಳ್ಳೆಯದು, ಸಾಧ್ಯವೂ ಹೌದು. ಆದರೆ ಬಿತ್ತುವ ಪಟ್ಟಿ ನಮ್ಮ ಹವಾಮಾನದ್ದಾಗಿರಬೇಕು. ‘ವಿಷಮುಕ್ತ’ ಎನ್ನುವ ಮಾತು ನೀವು ಹಾಕುವ ನೀರಿನ ಮೇಲೆ ನಿಂತಿದೆ.

‘ವಸಂತವೇ ಬಿತ್ತನೆಯ ಕಾಲ’: ಯಾರ ವಸಂತ?

ಈ ಮಾತು ಹುಟ್ಟಿದ್ದು ಬ್ರಿಟನ್, ಅಮೆರಿಕದಂಥ ಚಳಿ ದೇಶಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ. ಹಿಮ ಬೀಳುವುದು ನಿಂತ ಮೇಲೆ, ಮಾರ್ಚ್‌ನಿಂದ ಮೇ ಒಳಗೆ, ಬಿತ್ತನೆ. ಅಲ್ಲಿನ ವಸಂತ ತಂಪು. ಹಾಗಾಗಿ ಬಟಾಣಿ, ಕ್ಯಾರೆಟ್, ಎಲೆಕೋಸು ಅಲ್ಲಿ ಹಿತವಾಗಿ ಬರುತ್ತವೆ.

ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ಎಂದರೆ ವರ್ಷದಲ್ಲೇ ಹೆಚ್ಚು ಬಿಸಿಲಿನ ತಿಂಗಳುಗಳು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕಾದ ಕಾಂಕ್ರೀಟ್ ಮೇಲಿಟ್ಟ ಕುಂಡದ ಮಣ್ಣು ಗಾಳಿಗಿಂತಲೂ ಬಿಸಿಯಾಗಬಹುದು. ಈ ಬಿಸಿಯಲ್ಲಿ ಹೂಕೋಸು ಗಡ್ಡೆ ಕಟ್ಟುವುದಿಲ್ಲ, ಬಟಾಣಿ ಹೂ ಉದುರಿಸುತ್ತದೆ, ಕೊತ್ತಂಬರಿ ಎಲೆ ಕೊಡುವ ಮೊದಲೇ ಹೂ ಬಿಡುತ್ತದೆ.

ಹಾಗಾದರೆ ಯುಗಾದಿ ಹೊತ್ತಿಗೆ ಏನು ಬಿತ್ತಬಹುದು?

- ಸೊಪ್ಪು: ದಂಟು, ಹರಿವೆ, ಬಸಳೆ. ದಂಟು, ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಸ್ವಲ್ಪ ನೆರಳಿದ್ದರೆ ಮೆಂತ್ಯವನ್ನೂ ಪ್ರಯತ್ನಿಸಬಹುದು.
- ಕಾಯಿ: ಬೆಂಡೆ, ಗೋರಿಕಾಯಿ, ಅಲಸಂದೆ, ಬದನೆ, ಮೆಣಸಿನಕಾಯಿ. ಬೆಂಡೆ ಬಿತ್ತಿದ 45-50 ದಿನಕ್ಕೆ ಕಾಯಿ ಕೊಡಲು ಶುರುಮಾಡುತ್ತದೆ.
- ಬಳ್ಳಿ: ಹೀರೆ, ಸೋರೆ, ಪಡವಲ, ಸೌತೆ.

ಕೋಸು, ಕ್ಯಾರೆಟ್, ಬಟಾಣಿ, ನವಿಲುಕೋಸುಗಳನ್ನು ದಸರಾ ಹೊತ್ತಿಗೆ ಎತ್ತಿಡಿ. ಟೊಮೆಟೊ ಗಿಡ ಬೇಸಿಗೆಯಲ್ಲೂ ಬೆಳೆಯುತ್ತದೆ, ಆದರೆ ಹಗಲು ಬಹಳ ಬಿಸಿಯಿದ್ದು ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಹೂ ಬರುತ್ತದೆ, ಕಾಯಿ ನಿಲ್ಲುವುದಿಲ್ಲ. ಇದು ನಿಮ್ಮ ಕೈಗುಣದ ದೋಷವಲ್ಲ.

‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎನ್ನುವ ಗಾದೆ ಇಲ್ಲಿ ಫಾರ್ವರ್ಡ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಭರಣಿ ಮಳೆ ನಕ್ಷತ್ರ ಶುರುವಾಗುವುದು ಏಪ್ರಿಲ್ ಕೊನೆಯಲ್ಲಿ. ಮುಂಗಾರಿಗೆ ಮೊದಲಿನ ಮಳೆ ಒಂದೆರಡು ಬಿದ್ದು ನೆಲ ತಣಿಯುವ ಹೊತ್ತು ಅದು. ಮೊದಲ ಬಾರಿ ಕೈತೋಟ ಮಾಡುವವರು ಆಗ ಶುರುಮಾಡಿದರೆ ನೀರಿನ ಕಷ್ಟವೂ ಕಡಿಮೆ.

‘ತಾರಸಿಯಲ್ಲಿ ಎಷ್ಟು ಬೇಕಾದರೂ ಮಣ್ಣು ತುಂಬಿ’: ಅಪಾಯಕಾರಿ

ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಲೆಕ್ಕ ಹಿಡಿಯುವ ಕನಿಷ್ಠ ಚಲ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಈಗ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಅಡಿ ಎತ್ತರ ಮಣ್ಣು ತುಂಬಿ ನೀರು ಹಾಕಿ. ಅದರ ತೂಕ 500 ಕೆ.ಜಿ. ಆಸುಪಾಸಿಗೆ ಹೋಗುತ್ತದೆ. ತಾರಸಿ ತುಂಬ ಇಟ್ಟಿಗೆ ಕಟ್ಟಿ ಪಾತಿ ಮಾಡುವ ವಿಡಿಯೊಗಳು ಈ ಲೆಕ್ಕ ಹೇಳುವುದಿಲ್ಲ.

ಬಿಡಿ ಕುಂಡ, ಗ್ರೋ ಬ್ಯಾಗ್ ಇಡಿ. ಅವುಗಳನ್ನು ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿ ಸಾಲಾಗಿ ಇಡಿ. ಕೆಂಪು ಮಣ್ಣು, ಕಾಂಪೋಸ್ಟ್, ಕೊಕೊಪೀಟ್ ಮೂರನ್ನೂ ಸಮಪಾಲು ಬೆರೆಸಿದರೆ ತೂಕ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು. ಬೆಂಡೆ, ಬದನೆಗೆ ಒಂದು ಅಡಿ ಬೇಕು. ಕುಂಡದ ಕೆಳಗೆ ಇಟ್ಟಿಗೆ ತುಂಡು ಕೊಟ್ಟು ನೆಲದಿಂದ ಎತ್ತಿದರೆ ನೀರು ನಿಂತು ತಾರಸಿ ಸೋರುವುದು ತಪ್ಪುತ್ತದೆ. ಕಟ್ಟಡ ಹಳೆಯದಾದರೆ, ಅಥವಾ ದೊಡ್ಡ ಪ್ರಮಾಣದಲ್ಲಿ ಮಾಡುವ ಆಲೋಚನೆಯಿದ್ದರೆ, ಎಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ.

‘ಮನೆಯಲ್ಲಿ ಬೆಳೆದದ್ದು ವಿಷಮುಕ್ತ’: ನೀರು ನೋಡಿ ಹೇಳಬೇಕು

ಕೀಟನಾಶಕ ಹೊಡೆಯದಿದ್ದರೆ ಕೀಟನಾಶಕದ ಭಯವಿಲ್ಲ, ಅಷ್ಟು ನಿಜ. ಆದರೆ ಗಿಡಕ್ಕೆ ಹೋಗುವುದು ಕೀಟನಾಶಕ ಒಂದೇ ಅಲ್ಲ.

ಪೀಣ್ಯದಲ್ಲಿ ದಶಕಗಳಿಂದ ಲೋಹಗಳಿಗೆ ಲೇಪನ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ. ಈ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಲೋಹದ ಮಾಲಿನ್ಯ ಪತ್ತೆಯಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು.

ಇದರರ್ಥ ನಾಗಸಂದ್ರದ ಪ್ರತಿ ಬೋರ್‌ವೆಲ್ಲೂ ಕೆಟ್ಟಿದೆ ಎಂದಲ್ಲ. ಮಾಲಿನ್ಯ ಕಲ್ಲಿನ ಬಿರುಕುಗಳಲ್ಲಿ ಹರಿಯುತ್ತದೆ. ಒಂದು ಬೋರ್ ಕೆಟ್ಟು ಪಕ್ಕದ ಬೀದಿಯದು ಚೆನ್ನಾಗಿರಬಹುದು. ಗಿಡ ಹೀರಿದ ಕ್ರೋಮಿಯಂನ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕಾಂಪೋಸ್ಟ್ ಹೆಚ್ಚಿರುವ ಮಣ್ಣಿನಲ್ಲಿ ಅದರ ಒಂದು ಭಾಗ ಕಡಿಮೆ ಅಪಾಯದ ರೂಪಕ್ಕೆ ತಿರುಗುತ್ತದೆ. ಹೆದರಿ ಕುಂಡಗಳನ್ನು ಎಸೆಯುವ ಅಗತ್ಯವಿಲ್ಲ, ಬೋರ್ ನೀರನ್ನು ಪರೀಕ್ಷೆ ಮಾಡಿಸುವ ಅಗತ್ಯವಿದೆ. ಅದೇ ನೀರಲ್ಲಿ ಅಡುಗೆಯನ್ನೂ ಮಾಡುತ್ತಿದ್ದರೆ ಪರೀಕ್ಷೆ ಇನ್ನೂ ತುರ್ತಿನದು, ಏಕೆಂದರೆ ಆಗ ಲೋಹ ನೇರವಾಗಿ ಹೊಟ್ಟೆಗೆ ಹೋಗುತ್ತದೆ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ.

ಒಂದು, ‘ಟಿಡಿಎಸ್ ಮೀಟರ್ ಇಟ್ಟು ನೋಡಿದೆ, ನೀರು ಚೆನ್ನಾಗಿದೆ.’ ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು. ಅದರಲ್ಲಿ ಕ್ರೋಮಿಯಂ ಇದೆಯೋ ಬರಿ ಕ್ಯಾಲ್ಸಿಯಂ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ನೀರು ಕೊಟ್ಟು, ‘ಭಾರ ಲೋಹಗಳ ಪರೀಕ್ಷೆ, ಕ್ರೋಮಿಯಂ ಸೇರಿ’ ಎಂದು ಬಾಯಿಬಿಟ್ಟು ಕೇಳಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರಿರದೆ ಇರಬಹುದು.

ಎರಡು, ‘ಕುದಿಸಿದರೆ ಸರಿಹೋಗುತ್ತದೆ.’ ಕುದಿಸಿದರೆ ಸೂಕ್ಷ್ಮಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲೋಹ ಗಟ್ಟಿಯಾಗುತ್ತದೆ.

ಮೂರು, ‘ಆರ್‌ಒ ಬಿಡುವ ವೇಸ್ಟ್ ನೀರು ಗಿಡಕ್ಕೆ ಒಳ್ಳೆಯದು.’ ನೀರು ಉಳಿಸುವ ಆಸೆ ಸರಿ. ಆದರೆ ಆರ್‌ಒ ತೆಗೆದುಹಾಕಿದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ. ಕುಂಡದಲ್ಲಿ ಅದು ತಿಂಗಳುಗಟ್ಟಲೆ ಸೇರಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಪರೀಕ್ಷೆಯ ಫಲ ಬರುವವರೆಗೆ ಏನು ಮಾಡುವುದು? ತಿನ್ನುವ ಗಿಡಗಳಿಗೆ ಅನುಮಾನದ ಬೋರ್ ನೀರು ಬೇಡ. ಸೊಪ್ಪು ಮತ್ತು ಗಡ್ಡೆಗಳು ಲೋಹಗಳನ್ನು ಕಾಯಿಗಳಿಗಿಂತ ಸುಲಭವಾಗಿ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಮೂಲಂಗಿ, ದಂಟಿಗಿಂತ ಬೆಂಡೆ, ಹೀರೆ, ಅಲಸಂದೆ ಮೇಲು. ತುಮಕೂರು ರಸ್ತೆಯಂಥ ಹೆದ್ದಾರಿಯ ಅಂಚಿನ ಮನೆಯಾದರೆ ಎಲೆಯ ಮೇಲೆ ಕೂರುವ ಧೂಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಧೂಳು ಹೋಗುತ್ತದೆ, ಬೇರಿನಿಂದ ಒಳಗೆ ಹೋದದ್ದು ಹೋಗುವುದಿಲ್ಲ.

ಹಾಗಾದರೆ ನೀರು ಎಲ್ಲಿಂದ?

2024ರ ಬೇಸಿಗೆ ನೆನಪಿದೆಯಲ್ಲ? ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಆದೇಶ ಜಾರಿಯಲ್ಲಿರುವಾಗ ನಲ್ಲಿಗೆ ಪೈಪು ಸಿಕ್ಕಿಸಿ ಗಿಡಕ್ಕೆ ಬಿಡುವಂತಿಲ್ಲ.

ಉತ್ತಮ ದಾರಿ ಮಳೆನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್. ಸೋರಿ, ಆರಿ ಹೋದದ್ದನ್ನು ಕಳೆದರೂ ಎರಡು ಮೂರು ದೊಡ್ಡ ಡ್ರಮ್ ತುಂಬುತ್ತದೆ. ಬೇಸಿಗೆಯ ಮೊದಲ ಮಳೆಯಲ್ಲಿ ತಾರಸಿಯ ಧೂಳು ತೊಳೆದು ಹೋಗಲಿ, ಆಮೇಲಿನದನ್ನು ಹಿಡಿಯಿರಿ. ಡ್ರಮ್ಮಿಗೆ ಸೊಳ್ಳೆ ಹೋಗದಂತೆ ಬಲೆ ಕಟ್ಟಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಸೇರಿಸಿ ಅಂದೇ ಹಾಕಿ, ಅದು ಬೋರ್ ನೀರಲ್ಲದಿದ್ದರೆ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ಇನ್ನಷ್ಟು ಫಾರ್ವರ್ಡ್‌ಗಳು, ಚುಟುಕು ಉತ್ತರಗಳು

*‘ಬಿಸಿಲಲ್ಲಿ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ.’* ಬಹುಮಟ್ಟಿಗೆ ಸುಳ್ಳು. ಹಂಗೆರಿಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಯವಾದ ಎಲೆಗಳ ಮೇಲಿನ ಹನಿಗಳು ಎಲೆ ಸುಡಲಿಲ್ಲ. ಹನಿಯನ್ನು ಎತ್ತಿ ಹಿಡಿಯುವಂಥ ಮೇಣದ ರೋಮವಿರುವ ಎಲೆಗಳಲ್ಲಿ ಮಾತ್ರ ಸುಟ್ಟ ಗುರುತು ಕಂಡಿತು. ಆದರೂ ಬೆಳಿಗ್ಗೆಯೇ ಹಾಕಿ, ಮಧ್ಯಾಹ್ನ ಹಾಕಿದ್ದರಲ್ಲಿ ಹೆಚ್ಚು ಪಾಲು ಆವಿಯಾಗುತ್ತದೆ.

*‘ಟೊಮೆಟೊ ತಳ ಕಪ್ಪಾದರೆ ಎಪ್ಸಮ್ ಉಪ್ಪು ಹಾಕಿ.’* ತಪ್ಪು. ತಳ ಕಪ್ಪಾಗುವುದು ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದಾಗ. ಎಪ್ಸಮ್ ಉಪ್ಪಿನಲ್ಲಿರುವುದು ಮೆಗ್ನೀಸಿಯಂ. ಅದು ಹೆಚ್ಚಾದರೆ ಬೇರು ಕ್ಯಾಲ್ಸಿಯಂ ಹೀರುವುದಕ್ಕೇ ಅಡ್ಡಿ. ಹೆಚ್ಚಿನ ಸಲ ನಿಜವಾದ ಕಾರಣ, ಒಂದು ದಿನ ತುಂಬಾ ನೀರು, ಮೂರು ದಿನ ನೀರೇ ಇಲ್ಲ ಎಂಬಂಥ ಅಭ್ಯಾಸ. ಸಮನಾಗಿ ನೀರು ಹಾಕಿ.

*‘ಹೀರೆ ಬಳ್ಳಿ ಬರೀ ಹೂ ಬಿಡುತ್ತಿದೆ, ಮಜ್ಜಿಗೆ ಹೊಡೆಯಿರಿ.’* ಬಳ್ಳಿ ತರಕಾರಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಮೊದಲು ಬರುವುದು ಹೆಚ್ಚಾಗಿ ಗಂಡು ಹೂಗಳೇ. ಬುಡದಲ್ಲಿ ಪುಟ್ಟ ಕಾಯಿಯಂತಿರುವುದು ಹೆಣ್ಣು ಹೂ. ಜೇನು ಬರದ ತಾರಸಿಯಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಸವರಿ. ಹೀರೆ, ಸೋರೆ ಹೂ ಅರಳುವುದು ಸಂಜೆ. ಸೌತೆ, ಕುಂಬಳ ಬೆಳಿಗ್ಗೆ.

*‘ಹುಳಕ್ಕೆ ಹೊಗೆಸೊಪ್ಪಿನ ಕಷಾಯ, ಪೂರ್ತಿ ನೈಸರ್ಗಿಕ.’* ಬೇಡ. ನಿಕೋಟಿನ್ ನೈಸರ್ಗಿಕವೇ, ವಿಷವೂ ಹೌದು, ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಿಡಲೇಬಾರದು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಟೊಮೆಟೊ, ಮೆಣಸಿನ ಗಿಡಕ್ಕೂ ಹರಡಬಲ್ಲದು. ಸಸ್ಯಹೇನಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ.

*‘ಹಸಿ ಸಗಣಿ ಹಾಕಿದರೆ ಗಿಡಕ್ಕೆ ಬಲ.’* ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮಣ್ಣಿಗೆ ತಾಗುವ ತರಕಾರಿಯಾದರೆ ಹಸಿ ಗೊಬ್ಬರ ಹಾಕಿ 120 ದಿನ ಕಳೆದ ಮೇಲೆ ಕೊಯ್ಯಬೇಕೆಂದು ಅಮೆರಿಕದ ಸಾವಯವ ನಿಯಮ ಹೇಳುತ್ತದೆ. ಚೆನ್ನಾಗಿ ಕೊಳೆತ ಗೊಬ್ಬರವನ್ನೇ ಬಳಸಿ.

ಖಾಲಿ ಸೈಟಿನಲ್ಲಿ ಬೆಳೆಯಬಹುದೇ?

ವಿದೇಶಗಳಲ್ಲಿ ನಗರಸಭೆಗಳು ತರಕಾರಿ ಬೆಳೆಯಲೆಂದೇ ತುಂಡು ನೆಲವನ್ನು ಬಾಡಿಗೆಗೆ ಕೊಡುವ ಪದ್ಧತಿಯಿದೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಪಕ್ಕದ ಖಾಲಿ ಸೈಟು. ಮಾಲೀಕರ ಒಪ್ಪಿಗೆ ಮೊದಲು. ಅಲ್ಲಿನ ಮಣ್ಣಿನ ಕೆಳಗೆ ಕಟ್ಟಡದ ಕಸ, ಹಳೆಯ ಬಣ್ಣದ ಚೂರು, ಬ್ಯಾಟರಿ ಇರಬಹುದು. ಆದ್ದರಿಂದ ನೆಲ ಅಗೆಯದೆ, ತಂದ ಮಣ್ಣು ತುಂಬಿದ ಗ್ರೋ ಬ್ಯಾಗ್‌ಗಳಲ್ಲೇ ಬೆಳೆಯಿರಿ.

ಬೀಜ, ಸಲಹೆ ಎಲ್ಲಿ ಸಿಗುತ್ತದೆ?

ನಾಗಸಂದ್ರದ ಬಳಿಯ 8ನೇ ಮೈಲಿಯಿಂದ ಹೊರಡುವ ರಸ್ತೆ ಹೋಗುವುದು ಹೆಸರಘಟ್ಟಕ್ಕೆ. ಅಲ್ಲೇ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ‘ಅರ್ಕಾ’ ಹೆಸರಿನ ತಳಿಗಳು ಅಲ್ಲಿಯವು. ಬೆಂಡೆಗೆ ಬರುವ ಹಳದಿ ನಂಜು ರೋಗವನ್ನು ತಡೆಯುವ ‘ಅರ್ಕಾ ಅನಾಮಿಕಾ’, ಮೂರು ರೋಗಗಳನ್ನು ತಡೆದುಕೊಳ್ಳುವ ಟೊಮೆಟೊ ‘ಅರ್ಕಾ ರಕ್ಷಕ್’ ಅಲ್ಲಿ ರೂಪುಗೊಂಡವು. ರಕ್ಷಕ್ ಹೈಬ್ರಿಡ್ ತಳಿ. ಅದರ ಹಣ್ಣಿನ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡ ತಾಯಿಯಂತೆಯೇ ಬರುವುದಿಲ್ಲ. ಇನ್ನೊಂದು ದಿಕ್ಕಿಗೆ ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ಸಾಂಪ್ರದಾಯಿಕ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಆ ಕಟ್ಟಿಲ್ಲದೆ ಬೇರೆ ಕಾಲದಲ್ಲೂ ಕಾಯಿ ಕೊಡುವ ‘ಹೆಬ್ಬಾಳ ಅವರೆ-4’ ಈ ವಿಶ್ವವಿದ್ಯಾಲಯದ್ದು.

ಐದು ಗ್ರೋ ಬ್ಯಾಗ್‌ಗಳಿಂದ ಶುರುಮಾಡಿ: ಎರಡರಲ್ಲಿ ಬೆಂಡೆ, ಒಂದರಲ್ಲಿ ಅಲಸಂದೆ, ಒಂದರಲ್ಲಿ ಮೆಣಸು, ಒಂದರಲ್ಲಿ ಬಸಳೆ. ಇಡೀ ಮನೆಯ ತರಕಾರಿ ಖರ್ಚು ಇದರಿಂದ ನಿಲ್ಲುವುದಿಲ್ಲ, ವಾರಕ್ಕೊಮ್ಮೆ ಒಂದು ಪಲ್ಯಕ್ಕಾಗುತ್ತದೆ. ಈ ಬರಹವನ್ನು ಯಾರಿಗಾದರೂ ಕಳಿಸುವುದಾದರೆ, ಮೊದಲು ನಿಮ್ಮ ಬೀದಿಯ ಬೋರ್ ನೀರು ಬಳಸುವವರಿಗೆ ಕಳಿಸಿ. ನಾಲ್ಕು ಮನೆಯವರು ಸೇರಿ ದುಡ್ಡು ಹಾಕಿದರೆ ಒಂದೇ ಬೋರಿನ ಪರೀಕ್ಷೆ ಯಾರಿಗೂ ಹೊರೆಯಾಗುವುದಿಲ್ಲ.