ಎಲೆಯ ಬಿಸಿ, ಗಾಳಿಯ ತೇವ: ಕುಂದಾಪುರ ಸೀಮೆಯ ಕಾಫಿಗೆ ಜಲಒತ್ತಡ ಸೂಚ್ಯಂಕ ಹೊಂದೀತೆ?

ಬೇರಿಗೆ ನೀರು ಸಾಲದಾದಾಗ ಗಿಡ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಬಾಷ್ಪವಿಸರ್ಜನೆ ಕುಗ್ಗಿ ಎಲೆ ಬಿಸಿಯೇರುತ್ತದೆ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. 1981ರಲ್ಲಿ ಅರಿಜೋನಾದ ಇಡ್ಸೊ, ಜಾಕ್ಸನ್ ಮತ್ತು ಸಂಗಡಿಗರು ಇದನ್ನೇ ಸೂಚ್ಯಂಕವಾಗಿಸಿದರು: ನೀರುಂಡ ಬೆಳೆಗೆ ಸೊನ್ನೆ, ಬಾಷ್ಪವಿಸರ್ಜನೆ ನಿಂತ ಬೆಳೆಗೆ ಒಂದು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಈಚೆಗೆ ರೊಬಸ್ಟಾ ಮಿಶ್ರಬೆಳೆಯಾಗಿ ಹಬ್ಬುತ್ತಿರುವಾಗ, ನೆರೆಯ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಈ ಅಳತೆಗೋಲು ಸಲ್ಲುತ್ತದೆಯೇ ಎಂದು ಕೇಳಬೇಕಾಗಿದೆ.

ನನ್ನ ಭಿನ್ನಾಭಿಪ್ರಾಯ ಇಡ್ಸೊ ಅವರ ಆಧಾರರೇಖೆಯ ಬಗ್ಗೆ. ನೀರುಂಡ ಬೆಳೆಯಲ್ಲಿ ಎಲೆಗೂ ಗಾಳಿಗೂ ಇರುವ ಉಷ್ಣಾಂಶದ ಅಂತರವು ಗಾಳಿಯ ಆವಿ ಕೊರತೆಗೆ ತಕ್ಕಂತೆ ಸರಳರೇಖೆಯಲ್ಲಿ ಬದಲಾಗುತ್ತದೆ ಎಂಬುದು ಅವರ ನಿಲುವು. ಗಾಳಿ ಎಷ್ಟೇ ಒಣಗಿದರೂ ರಂಧ್ರಗಳು ತೆರೆದೇ ಇರುತ್ತವೆ ಎಂಬ ನಂಬಿಕೆ ಅದರ ಬುಡದಲ್ಲಿದೆ. ಕಾಫಿ ಹಾಗಲ್ಲ. ಮಣ್ಣಿನಲ್ಲಿ ತೇವವಿದ್ದರೂ ಗಾಳಿ ಒಣಗಿದರೆ ಅದು ರಂಧ್ರ ಮುಚ್ಚುತ್ತದೆ. ಘಟ್ಟದ ಮೇಲೆ ಫೆಬ್ರವರಿಯ ನಡುಹಗಲಲ್ಲಿ ಬಿಸಿಯಾದ ಎಲೆ, ನೀರು ಕಂಡ ಗಿಡದ್ದೂ ಆಗಿರಬಹುದು.

ಕರಾವಳಿಯಲ್ಲಿ ತೊಡಕು ಬೇರೆಯದು. ನೆರಳಿನಲ್ಲಿ ಒದ್ದೆ ಮೇಲ್ಮೈ ತಣಿಯಬಲ್ಲ ಮಿತಿಯನ್ನು ಒದ್ದೆ ಬಲ್ಬಿನ ಉಷ್ಣಮಾಪಕ ಹೇಳುತ್ತದೆ. ಗಾಳಿ 34 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಗಾಳಿಗೂ ಒದ್ದೆ ಬಲ್ಬಿಗೂ ಇರುವ ಅಂತರ ಸುಮಾರು 12.5 ಡಿಗ್ರಿ. ಕರಾವಳಿಗೆ 32 ಡಿಗ್ರಿ, ಶೇ. 70 ಎಂದು ಹಿಡಿದರೆ ಬರೀ 4.5. ಜೀವಂತ ಎಲೆಗೆ ಸಿಗುವುದು ಇದಕ್ಕಿಂತಲೂ ಕಡಿಮೆ. ಕೈಯಲ್ಲಿರುವ ಇನ್‌ಫ್ರಾರೆಡ್ ಮಾಪಕ ಒಂದೇ ಡಿಗ್ರಿ ತಪ್ಪಿದರೂ ಅಳತೆಯ ಐದರಲ್ಲೊಂದು ಪಾಲು ಹೋಯಿತು. ಹೊತ್ತೇರಿದ ಮೇಲೆ ಕಡಲಗಾಳಿ ಬೀಸತೊಡಗಿದರಂತೂ ಮಣ್ಣಿನ ತೇವ ಇದ್ದಂತೆಯೇ ಇದ್ದು ಎಲೆಯ ಬಿಸಿ ಮಾತ್ರ ಬದಲಾಗುತ್ತದೆ. ಅಡಿಕೆ ಸೋಗೆಯ ಸಂದಿನಿಂದ ಬಿದ್ದ ಬಿಸಿಲಕೋಲು ಎಲೆಯ ಮೇಲಿಂದ ಸರಿದಾಗಲೂ ಅಷ್ಟೆ.

ಆದ್ದರಿಂದ ಈ ತಾಲೂಕುಗಳಲ್ಲಿ ಎಲೆಯನ್ನು ಗಾಳಿಯೊಡನೆ ಹೋಲಿಸುವುದನ್ನು ಬಿಟ್ಟು ಎಲೆಯೊಡನೆಯೇ ಹೋಲಿಸಬೇಕೆನ್ನುತ್ತೇನೆ. 1999ರಲ್ಲಿ ಎಚ್. ಜಿ. ಜೋನ್ಸ್ ಈ ದಾರಿ ತೋರಿಸಿದ್ದಾರೆ: ಒಂದೆಲೆಗೆ ನೀರು ಸಿಂಪಡಿಸುವುದು, ಇನ್ನೊಂದಕ್ಕೆ ವ್ಯಾಸಲೀನ್ ಸವರುವುದು, ಇವೆರಡರ ನಡುವೆ ಮೂರನೆಯ ಎಲೆ ಎಲ್ಲಿ ನಿಲ್ಲುತ್ತದೆಂದು ನೋಡುವುದು. ಕಾಫಿಯಲ್ಲಿ ಇದು ಸಲೀಸು. ಎಲೆಯನ್ನು ಮಗುಚಿ ಹಿಡಿದರೆ ರಂಧ್ರಗಳೆಲ್ಲ ಆ ಮಾಸಲು ತಳಭಾಗದಲ್ಲೇ ಇವೆ. ಅಲ್ಲಿ ಬೆರಳಿಂದ ತೆಳುವಾಗಿ ಸವರಿದರೆ ಸಾಕು, ಹೊಳೆಯುವ ಮೇಲ್ಭಾಗ ಮುಟ್ಟಬೇಕಿಲ್ಲ. ಆದರೆ ಮೂರೂ ಎಲೆಗಳು ಒಂದೇ ಎತ್ತರದಲ್ಲಿ, ಒಂದೇ ನೆರಳಲ್ಲಿ ಇರಬೇಕು. ಸಿಂಪಡಿಸಿದ ನೀರು ಆರುವ ಮುನ್ನ ಅಳೆಯಬೇಕು. ಹೀಗೆ ಮಾಡಿದರೂ 4.5 ಡಿಗ್ರಿಯ ಇಕ್ಕಟ್ಟು ಅಗಲವಾಗದು. ಗಾಳಿಯ ಆಟದಿಂದ ಬರುವ ತಪ್ಪು ಮಾತ್ರ ಬಹುಮಟ್ಟಿಗೆ ತಗ್ಗೀತು.

ಇನ್ನೂ ಒಂದು ಎಚ್ಚರಿಕೆ. ರೊಬಸ್ಟಾದ ಮೊಗ್ಗು ಹದಕ್ಕೆ ಬರಲು ಕೆಲವು ವಾರಗಳ ಒಣಹವೆ ಬೇಕೇ ಬೇಕು. ಆಮೇಲೆ ಹೂಮಳೆ, ಇಲ್ಲವೇ ಸ್ಪ್ರಿಂಕ್ಲರ್ ನೀರು. ಆ ವಾರಗಳಲ್ಲಿ ಸೂಚ್ಯಂಕ ಏರಿತೆಂದು ಪಂಪು ಚಾಲೂ ಮಾಡಿದರೆ ಹೂವು ಚದುರಿಹೋಗುತ್ತದೆ. ಆಗಾಗ ನೀರು ಬೇಡುವ ಅಡಿಕೆಯ ಬುಡದಲ್ಲೇ ಕಾಫಿ ನಿಂತಿರುವಾಗ ಆ ಒಣಗು ಅದಕ್ಕೆ ದಕ್ಕುವುದು ಹೇಗೆ? ಬೇಗ ನೀರು ಬಸಿಯುವ ಇಲ್ಲಿನ ಮುರಕಲ್ಲು ಮಣ್ಣಿನಲ್ಲಿ ಅಷ್ಟು ಒಣಗಲು ಎಷ್ಟು ದಿನ ಬೇಕು? ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ಮಣ್ಣಿನ ತೇವ ಮತ್ತು ಎಲೆಯ ಬಿಸಿ ಎರಡನ್ನೂ ಡಿಸೆಂಬರಿನಿಂದ ಹೂ ಅರಳುವವರೆಗೆ ಒಟ್ಟಿಗೆ ಅಳೆಯದೆ ಇದಕ್ಕೆ ಉತ್ತರ ಸಿಗದು.